ಒಂದೇ ವರ್ಷ, ಒಂದೇ ಹೆಸರು, ಎರಡು ಚಿಹ್ನೆ

2008ರ ಮೇ ತಿಂಗಳ ಬಿಸಿಲಿನಲ್ಲಿ ಅರಭಾವಿಯ ಮತದಾರರು ಮತಯಂತ್ರದ ಮುಂದೆ ನಿಂತು ಬಾಲಚಂದ್ರ ಜಾರಕಿಹೊಳಿ ಎಂಬ ಹೆಸರು ಹುಡುಕಿದಾಗ ಅದರ ಪಕ್ಕದಲ್ಲಿ ತೆನೆ ಹೊತ್ತ ಮಹಿಳೆ ಇದ್ದಳು. ಅದೇ ವರ್ಷ ಡಿಸೆಂಬರ್ 27ರ ಚಳಿಯಲ್ಲಿ ಅದೇ ಮತದಾರರು ಮತ್ತೆ ಸಾಲು ಹಚ್ಚಿದರು. ಹೆಸರು ಅದೇ. ಪಕ್ಕದಲ್ಲಿ ಮಾತ್ರ ಕಮಲ ಅರಳಿತ್ತು. ಎರಡೂ ಸಲ ಗೆದ್ದದ್ದು ಒಬ್ಬರೇ.

ಏಳು ತಿಂಗಳ ಅಂತರದ ಈ ಎರಡು ಮತದಾನಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಅರಭಾವಿ ವಿಧಾನಸಭಾ ಕ್ಷೇತ್ರದ ಇತ್ತೀಚಿನ ಚರಿತ್ರೆಯ ಅರ್ಧ ತಿಳಿದಂತೆ. ಉಳಿದರ್ಧ ಬೆಂಗಳೂರಿನ ವಿಧಾನಸೌಧದಲ್ಲಿ, ದಿಲ್ಲಿಯ ಸುಪ್ರೀಂ ಕೋರ್ಟಿನಲ್ಲಿ ಮತ್ತು ಘಟಪ್ರಭೆಯ ಎಡದಂಡೆ ಕಾಲುವೆ ಹರಿಯುವ ಸೀಮೆಯ ಕಬ್ಬಿನ ಗದ್ದೆಗಳಲ್ಲಿ ಹಂಚಿಹೋಗಿದೆ.

ಬೆಳಗಾವಿ ಜಿಲ್ಲೆಯ 18 ಕ್ಷೇತ್ರಗಳಲ್ಲಿ ಅರಭಾವಿಯದು ಎಂಟನೆಯ ಸಂಖ್ಯೆ. ಮೊದಲು ರಾಜ್ಯದ ಕ್ಷೇತ್ರಗಳ ಎಣಿಕೆ ಬೀದರ ಜಿಲ್ಲೆಯ ಔರಾದದಿಂದ ಶುರುವಾಗುತ್ತಿತ್ತು. 2008ರ ಪುನರ್ವಿಂಗಡಣೆಯ ನಂತರ ಅದು ನಿಪ್ಪಾಣಿಯಿಂದ ಶುರುವಾಯಿತು. ಅದೇ ಪುನರ್ವಿಂಗಡಣೆ ಜಿಲ್ಲೆಯ ಭೂಪಟದಿಂದ ಸಂಕೇಶ್ವರ, ಉಚಗಾಂವ, ಬಾಗೇವಾಡಿ, ಪರಸಗಡ ಎಂಬ ಹಳೆಯ ಕ್ಷೇತ್ರಗಳ ಹೆಸರನ್ನೇ ಅಳಿಸಿತು. ಯಮಕನಮರಡಿ, ಕುಡಚಿಯಂಥ ಹೊಸ ಹೆಸರುಗಳನ್ನು ಬರೆಯಿತು. ಅರಭಾವಿ ಉಳಿದುಕೊಂಡಿತು. ಕ್ಷೇತ್ರದ ದೊಡ್ಡ ಊರು ಮೂಡಲಗಿ. ಆದರೆ ಕ್ಷೇತ್ರಕ್ಕೆ ಹೆಸರು ಕೊಟ್ಟದ್ದು ದುರದುಂಡೀಶ್ವರ ಮಠ ಮತ್ತು ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯ ಇರುವ, ಅದಕ್ಕಿಂತ ಸಣ್ಣ ಊರು. ಕ್ಷೇತ್ರದ ಹಳ್ಳಿಗಳು ಗೋಕಾಕ, ಮೂಡಲಗಿ ತಾಲ್ಲೂಕುಗಳಲ್ಲಿ ಚದುರಿವೆ. ಶಾಸಕರು ಒಬ್ಬರೇ, ತಹಶೀಲ್ದಾರರು ಮಾತ್ರ ಒಬ್ಬರಲ್ಲ.

ಹಿಂದಕ್ಕೆ ಹೋದರೆ ಈ ಸೀಮೆಯ ಮೊದಲ ವಿಧಾನಸಭಾ ಮತದಾನ ಬೆಂಗಳೂರಿಗಾಗಿ ನಡೆದದ್ದೇ ಅಲ್ಲ. 1952ರಲ್ಲಿ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳ ಜನ ಆರಿಸಿದ್ದು ಮುಂಬೈ ಶಾಸನಸಭೆಯ ಸದಸ್ಯರನ್ನು. ಆಗಿನ ಮುಂಬೈ ರಾಜ್ಯದ ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿ. 1956ರ ನವೆಂಬರ್ 1ರಂದು ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು, ಜಿಲ್ಲೆಯ ಚಂದಗಡ ತಾಲ್ಲೂಕು ಮಾತ್ರ ಮುಂಬೈಯಲ್ಲೇ ಉಳಿಯಿತು. ಗೋಕಾಕದ ರೈತರು ಬೆಂಗಳೂರಿನ ಕಡೆ ಮುಖ ಮಾಡಿ ಓಟು ಹಾಕಿದ್ದು 1957ರಲ್ಲಿ.

ರಾಜಕೀಯದ ತಿಳಿವಳಿಕೆ ಮಾತ್ರ ಈ ಭಾಗಕ್ಕೆ ಹೊಸದೇನಾಗಿರಲಿಲ್ಲ. ಹಿಂದುಸ್ತಾನಿ ಸೇವಾದಳವನ್ನು ಕಟ್ಟಿದ ಡಾ. ನಾ.ಸು. ಹರ್ಡೀಕರ್ ತಮ್ಮ ಕೆಲಸದ ನೆಲೆಯಾಗಿ ಆರಿಸಿಕೊಂಡದ್ದು ಪಕ್ಕದ ಘಟಪ್ರಭಾವನ್ನು. ಖಾದಿ, ಕವಾಯತು, ಪ್ರಭಾತಫೇರಿ ಕಂಡಿದ್ದ ಊರುಗಳಿವು. ಸ್ವಾತಂತ್ರ್ಯದ ನಂತರ ಕಾಂಗ್ರೆಸ್ಸಿಗೆ ಇಲ್ಲಿ ನೆಲೆ ಸಿಕ್ಕಿದ್ದರಲ್ಲಿ ಆ ದಿನಗಳ ಪಾಲು ಇದೆ.

ಈ ಸೀಮೆಗೆ ಇನ್ನೊಂದು ಹೆಸರೂ ಇದೆ. ಅದು ಶ್ರೀಕೃಷ್ಣ ಪಾರಿಜಾತದ ತವರು. ಬಯಲಾಟಕ್ಕೆ ಹೊಸ ಜೀವ ಕೊಟ್ಟ ಕುಲಗೋಡ ತಮ್ಮಣ್ಣ, ಪಾರಿಜಾತವನ್ನು ಊರೂರಿಗೆ ಒಯ್ದ ಕೌಜಲಗಿ ನಿಂಗಮ್ಮ ಇಬ್ಬರೂ ಈ ಹಳ್ಳಿಗಳವರೇ. ಬೆಳಗಾವಿ ಜಿಲ್ಲೆಯಲ್ಲಿ ಊರಿನ ಹೆಸರೇ ಮನೆತನದ ಹೆಸರಾಗುವುದು ರೂಢಿ. ಅದಕ್ಕೇ ಕೌಜಲಗಿ ಎಂಬ ಹೆಸರು ಬಯಲಾಟದ ರಂಗದಲ್ಲೂ ಕೇಳಿಸುತ್ತದೆ, ಚುನಾವಣೆಯ ಫಲಿತಾಂಶ ಪಟ್ಟಿಯಲ್ಲೂ ಕಾಣಿಸುತ್ತದೆ. ಜಾರಕಿಹೊಳಿ ಯುಗಕ್ಕೆ ಮೊದಲು ಅರಭಾವಿಯನ್ನು ಹಲವು ಸಲ ಪ್ರತಿನಿಧಿಸಿದವರು ವಿ.ಎಸ್. ಕೌಜಲಗಿ. 1999ರ ವಿಧಾನಸಭೆಯಲ್ಲೂ ಇಲ್ಲಿಂದ ಕುಳಿತವರು ಅವರೇ.

ಗಡಿ ವಿವಾದದ ಬಿಸಿ ಈ ಕ್ಷೇತ್ರಕ್ಕೆ ಅಷ್ಟಾಗಿ ತಟ್ಟಿಲ್ಲ. ಮಹಾರಾಷ್ಟ್ರ ಏಕೀಕರಣ ಸಮಿತಿಯ ಬಲವೆಲ್ಲ ಬೆಳಗಾವಿ ನಗರ, ಉಚಗಾಂವ, ಖಾನಾಪುರದ ಕಡೆಗಿತ್ತು. ಅರಭಾವಿ ಜಿಲ್ಲೆಯ ಅಚ್ಚಗನ್ನಡ ಒಡಲು. ಆದರೂ ಇಂದು ಅದು ಸೇರಿರುವ ಬೆಳಗಾವಿ ಲೋಕಸಭಾ ಕ್ಷೇತ್ರ ದೇಶದ ಚುನಾವಣಾ ಚರಿತ್ರೆಯಲ್ಲಿ ಒಂದು ವಿಚಿತ್ರ ಪುಟ ಬರೆದಿದೆ. ಸಮಿತಿಯ ಪ್ರತಿಭಟನೆಯ ಫಲವಾಗಿ 1996ರಲ್ಲಿ ಆ ಒಂದೇ ಸ್ಥಾನಕ್ಕೆ ನಿಂತವರು 456 ಮಂದಿ. ಅಷ್ಟು ಜನರಿಗೆ ಚಿಹ್ನೆ ಹೊಂದಿಸುವುದೇ ಚುನಾವಣಾ ಸಿಬ್ಬಂದಿಗೆ ತಲೆನೋವು. ಆ ಜಾತ್ರೆಯಲ್ಲಿ ಗೆದ್ದು ಬಂದವರು ಜನತಾದಳದ ಶಿವಾನಂದ ಕೌಜಲಗಿ. ಅದೇ ವರ್ಷ ಆಗಿನ ಆಂಧ್ರದ ನಲ್ಗೊಂಡದಲ್ಲೂ ತಮಿಳುನಾಡಿನ ಮೊಡಕುರಿಚಿಯಲ್ಲೂ ಇಂಥದೇ ನಡೆಯಿತು. ಸಂಸತ್ತು ಕಾಯ್ದೆಯನ್ನು ತಿದ್ದಿ ಲೋಕಸಭೆಯ ಠೇವಣಿಯನ್ನು 500 ರೂಪಾಯಿಯಿಂದ 10,000ಕ್ಕೆ, ವಿಧಾನಸಭೆಯದನ್ನು 250ರಿಂದ 5,000ಕ್ಕೆ ಏರಿಸಿತು. ಪಕ್ಷೇತರರಿಗೆ ಹತ್ತು ಸೂಚಕರು ಬೇಕೆಂಬ ನಿಯಮವೂ ಆಗಲೇ ಬಂತು. ಇಂದು ಅರಭಾವಿಯಲ್ಲಿ ಯಾರೇ ನಾಮಪತ್ರ ಹಾಕಲಿ, ಬೆಳಗಾವಿಯ ಆ 456ರ ನೆರಳು ಅವರ ಅರ್ಜಿಯ ಮೇಲೆ ಬೀಳುತ್ತದೆ.

2004ರಲ್ಲಿ ಅರಭಾವಿಯಲ್ಲಿ ಪುಟ ತಿರುಗಿತು. ಜಾತ್ಯತೀತ ಜನತಾದಳದಿಂದ ನಿಂತ ಬಾಲಚಂದ್ರ ಜಾರಕಿಹೊಳಿ ಮೊದಲ ಸಲ ಗೆದ್ದರು. ಆಗ ಪಕ್ಕದ ಗೋಕಾಕ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿತ್ತು. ಅಲ್ಲಿ ಅವರ ಅಣ್ಣ ರಮೇಶ ಜಾರಕಿಹೊಳಿ 1999ರಿಂದಲೇ ಕಾಂಗ್ರೆಸ್ ಶಾಸಕರು. ಅರಭಾವಿ ಮಾತ್ರ ಸಾಮಾನ್ಯ ಕ್ಷೇತ್ರ. ವಾಲ್ಮೀಕಿ ನಾಯಕ ಸಮುದಾಯದ ಅಭ್ಯರ್ಥಿಯೊಬ್ಬರು ಮೀಸಲಾತಿಯ ಆಸರೆ ಇಲ್ಲದೆ ಸಾಮಾನ್ಯ ಕ್ಷೇತ್ರದಲ್ಲಿ ಗೆದ್ದರು. ಆಮೇಲೆ ಅದನ್ನು ಉಳಿಸಿಕೊಳ್ಳುತ್ತಲೇ ಬಂದರು. ಈ ಸಂಗತಿ ಪತ್ರಿಕೆಗಳ ತಲೆಬರಹಕ್ಕೆ ಬರುವುದು ಕಡಿಮೆ. ಜಾತಿಯ ಲೆಕ್ಕ ಹಾಕಿಯೇ ಟಿಕೆಟ್ ಹಂಚುವ ರಾಜ್ಯದಲ್ಲಿ ಅದು ಸಣ್ಣ ಮಾತಲ್ಲ.

ಈಗ 2008ಕ್ಕೆ ಮರಳೋಣ. ಮೇ ತಿಂಗಳ ಚುನಾವಣೆಯಲ್ಲಿ ಬಿಜೆಪಿಗೆ 110, ಕಾಂಗ್ರೆಸ್ಸಿಗೆ 80, ಜೆಡಿಎಸ್‌ಗೆ 28 ಸ್ಥಾನ ಬಂದವು. ಉಳಿದ ಆರು ಪಕ್ಷೇತರರದು. 224ರ ಸದನದಲ್ಲಿ ಬಹುಮತಕ್ಕೆ 113 ಬೇಕು. ಬಿ.ಎಸ್. ಯಡಿಯೂರಪ್ಪ ಪಕ್ಷೇತರರ ಬೆಂಬಲದಿಂದ ಸರಕಾರ ರಚಿಸಿದರೂ ಅದು ಬಾಡಿಗೆ ಮನೆಯ ಸಂಸಾರದಂತಿತ್ತು. ಯಾವಾಗ ಯಾರು ಖಾಲಿ ಮಾಡಿಸುತ್ತಾರೋ ಎಂಬ ದಿಗಿಲು. ಸ್ವಂತ ಬಲ ಬೇಕಿತ್ತು.

ಬೇರೆ ಪಕ್ಷದ ಶಾಸಕರನ್ನು ನೇರವಾಗಿ ಕರೆದುಕೊಳ್ಳುವಂತಿರಲಿಲ್ಲ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿ, ಅಂದರೆ ಪಕ್ಷಾಂತರ ನಿಷೇಧದ ನಿಯಮ, ಅಡ್ಡ ನಿಂತಿತ್ತು. ಮೊದಲು ಶಾಸಕಾಂಗ ಪಕ್ಷದ ಮೂರನೆಯ ಒಂದು ಭಾಗ ಒಡೆದು ಬಂದರೆ ತಪ್ಪಾಗುತ್ತಿರಲಿಲ್ಲ. 2003ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. ಮೂರನೆಯ ಎರಡು ಭಾಗ ಸೇರಿ ವಿಲೀನವಾದರಷ್ಟೇ ರಕ್ಷಣೆ. ಜೆಡಿಎಸ್‌ನ 28ರಲ್ಲಿ 19 ಜನರನ್ನು ಒಟ್ಟಿಗೆ ಕರೆತರುವುದು ಆಗದ ಮಾತು. ಆಗ ಹೊಳೆದದ್ದು ಇನ್ನೊಂದು ದಾರಿ: ಪಕ್ಷಾಂತರ ಮಾಡುವುದೇ ಬೇಡ, ಶಾಸಕ ಸ್ಥಾನಕ್ಕೇ ರಾಜೀನಾಮೆ ಕೊಟ್ಟುಬಿಡಿ. ಮಂತ್ರಿಯಾಗಿ. ಆರು ತಿಂಗಳೊಳಗೆ ಹೊಸ ಚಿಹ್ನೆಯ ಮೇಲೆ ಗೆದ್ದು ಬನ್ನಿ. ಶಾಸಕರಲ್ಲದವರೂ ಆರು ತಿಂಗಳ ಮಟ್ಟಿಗೆ ಮಂತ್ರಿಯಾಗಿರಲು ಸಂವಿಧಾನದಲ್ಲೇ ಅವಕಾಶವಿದೆ. ಇದಕ್ಕೆ ಬಿದ್ದ ಹೆಸರು ಆಪರೇಷನ್ ಕಮಲ. ಕರ್ನಾಟಕದಲ್ಲಿ ಹುಟ್ಟಿದ ಆ ಮಾತು ಈಗ ದೇಶದ ಬೇರೆ ರಾಜ್ಯಗಳ ಪತ್ರಿಕೆಗಳಲ್ಲೂ ಓಡಾಡುತ್ತಿದೆ.

ಆ ದಾರಿ ಹಿಡಿದ ಮೊದಲಿಗರಲ್ಲಿ ಅರಭಾವಿಯ ಶಾಸಕರೂ ಇದ್ದರು, ಪಕ್ಕದ ಹುಕ್ಕೇರಿಯ ಉಮೇಶ ಕತ್ತಿಯೂ ಇದ್ದರು. ಇಬ್ಬರೂ ಜೆಡಿಎಸ್ ಬಿಟ್ಟವರೇ. ಡಿಸೆಂಬರಿನ ಉಪಚುನಾವಣೆ ಎಂಟು ಕ್ಷೇತ್ರಗಳಲ್ಲಿ ನಡೆಯಿತು: ಅರಭಾವಿ, ಹುಕ್ಕೇರಿ, ದೇವದುರ್ಗ, ಕಾರವಾರ, ದೊಡ್ಡಬಳ್ಳಾಪುರ, ತುರುವೇಕೆರೆ, ಮಧುಗಿರಿ, ಮದ್ದೂರು. ಮೊದಲ ಐದರಲ್ಲಿ ಬಿಜೆಪಿ ಗೆದ್ದಿತು, ಕೊನೆಯ ಮೂರರಲ್ಲಿ ಜೆಡಿಎಸ್. ಕಾಂಗ್ರೆಸ್ಸಿಗೆ ಒಂದೂ ಸಿಗಲಿಲ್ಲ. ಫಲಿತಾಂಶದಲ್ಲಿ ಒಂದು ಗೆರೆ ಎದ್ದು ಕಾಣುತ್ತದೆ. ಹಳೆಯ ಮೈಸೂರಿನ ಮಂಡ್ಯ, ತುಮಕೂರು ಕಡೆಯ ಮತದಾರ ಪಕ್ಷದ ಕಡೆ ನಿಂತ. ಬೆಳಗಾವಿಯ ಮತದಾರ ವ್ಯಕ್ತಿಯ ಹಿಂದೆ ನಡೆದ. ಅರಭಾವಿ, ಹುಕ್ಕೇರಿ ಎರಡೂ ಕಡೆ ಜೆಡಿಎಸ್‌ನ ಓಟು ಎಂದು ಲೆಕ್ಕಕ್ಕೆ ಬಂದಿದ್ದರಲ್ಲಿ ಬಹುಪಾಲು ಜಾರಕಿಹೊಳಿ ಓಟು, ಕತ್ತಿ ಓಟು ಆಗಿತ್ತೆಂಬುದು ಆವತ್ತು ಬಯಲಾಯಿತು.

ಬಿಜೆಪಿಯ ಬಲ 115ಕ್ಕೆ ಏರಿತು. ಬಾಲಚಂದ್ರ ಪೌರಾಡಳಿತ ಮಂತ್ರಿಯಾದರು. ಕಥೆ ಇಲ್ಲಿಗೇ ಮುಗಿದಿದ್ದರೆ ಅರಭಾವಿ ಆ ಎಂಟರಲ್ಲಿ ಒಂದಾಗಿ ಉಳಿಯುತ್ತಿತ್ತು.

ಎರಡೇ ವರ್ಷಕ್ಕೆ ಅದೇ ಸರಕಾರದ ಬುಡ ಅಲುಗಿತು. 2010ರ ಅಕ್ಟೋಬರ್ 6ರಂದು ಬಾಲಚಂದ್ರ ಸೇರಿ ಬಿಜೆಪಿಯ ಭಿನ್ನಮತೀಯ ಶಾಸಕರು ರಾಜ್ಯಪಾಲ ಎಚ್.ಆರ್. ಭಾರದ್ವಾಜ್ ಅವರಿಗೆ ಪತ್ರ ಕೊಟ್ಟರು. ಯಡಿಯೂರಪ್ಪ ನೇತೃತ್ವದ ಸರಕಾರಕ್ಕೆ ಬೆಂಬಲ ವಾಪಸ್ ಪಡೆದಿದ್ದೇವೆ ಎಂಬುದು ಅದರ ಸಾರ. ಐವರು ಪಕ್ಷೇತರರೂ ಅದೇ ಹಾದಿ ಹಿಡಿದರು. ಶಾಸಕಾಂಗ ಪಕ್ಷದ ನಾಯಕರಾಗಿ ಯಡಿಯೂರಪ್ಪ ಇವರನ್ನು ಅನರ್ಹಗೊಳಿಸಿ ಎಂದು ಸ್ಪೀಕರ್ ಕೆ.ಜಿ. ಬೋಪಯ್ಯ ಅವರಿಗೆ ಅರ್ಜಿ ಸಲ್ಲಿಸಿದರು. ಅಕ್ಟೋಬರ್ 7ರಂದು ನೋಟಿಸ್ ಹೊರಟಿತು. ಉತ್ತರ ಕೊಡಲು ಗಡುವು ಅಕ್ಟೋಬರ್ 10ರ ಸಂಜೆ 5 ಗಂಟೆ. ಮರುದಿನ ವಿಶ್ವಾಸಮತ. ಸಂಜೆ ವಿಚಾರಣೆ ಮುಗಿದು, ಸದನ ಸೇರುವಷ್ಟರಲ್ಲಿ 11 ಬಿಜೆಪಿ ಶಾಸಕರೂ 5 ಪಕ್ಷೇತರರೂ ಅನರ್ಹರಾಗಿದ್ದರು.

ಈ 16ರ ಲೆಕ್ಕ ನೋಡಿ. 224ರಲ್ಲಿ 16 ಹೋದರೆ ಉಳಿಯುವುದು 208, ಬಹುಮತಕ್ಕೆ ಬೇಕಾದದ್ದು 105. ಅಕ್ಟೋಬರ್ 11ರ ಧ್ವನಿಮತ ಗದ್ದಲದಲ್ಲಿ ಕಳೆದುಹೋಯಿತು. ಅಕ್ಟೋಬರ್ 14ರಂದು ಎರಡನೆಯ ಸಲ ವಿಶ್ವಾಸಮತ ನಡೆದಾಗ ಸರಕಾರಕ್ಕೆ 106, ವಿರುದ್ಧ 100. ಅರಭಾವಿಯ ಓಟು ಎರಡೂ ಕಡೆ ಇರಲಿಲ್ಲ.

ಹೈಕೋರ್ಟಿನಲ್ಲಿ ಅನರ್ಹತೆ ಉಳಿಯಿತು. ಪ್ರಕರಣ ದಿಲ್ಲಿಗೆ ಹೋಯಿತು. 2011ರ ಮೇ 13ರಂದು ನ್ಯಾಯಮೂರ್ತಿಗಳಾದ ಅಲ್ತಮಸ್ ಕಬೀರ್ ಮತ್ತು ಸಿರಿಯಾಕ್ ಜೋಸೆಫ್ ಅವರ ಪೀಠ ಸ್ಪೀಕರ್ ಆದೇಶವನ್ನು ರದ್ದುಪಡಿಸಿತು. ಕರ್ನಾಟಕದ್ದೇ 1986ರ ನಿಯಮಗಳು ಉತ್ತರಕ್ಕೆ ಏಳು ದಿನ ಕೊಡಬೇಕೆನ್ನುತ್ತಿದ್ದಾಗ ಸ್ಪೀಕರ್ ಮೂರು ದಿನವನ್ನಷ್ಟೇ ಕೊಟ್ಟಿದ್ದರು. ಇಷ್ಟು ಅವಸರದಲ್ಲಿ ಸಹಜ ನ್ಯಾಯ ಎಲ್ಲಿ ಉಳಿಯಿತು ಎಂಬುದು ಕೋರ್ಟಿನ ಆಕ್ಷೇಪ. ಮುಖ್ಯಮಂತ್ರಿಯ ಮೇಲೆ ವಿಶ್ವಾಸವಿಲ್ಲ ಎನ್ನುವುದು ಪಕ್ಷವನ್ನೇ ಬಿಟ್ಟಂತೆ ಆಗುವುದಿಲ್ಲ ಎಂಬ ವಾದಕ್ಕೂ ಅಲ್ಲಿ ಬೆಲೆ ಸಿಕ್ಕಿತು. ಮನೆಯ ಯಜಮಾನ ಬೇಡವೆಂದವನು ಮನೆ ಬಿಟ್ಟು ಹೋದ ಹಾಗಲ್ಲವಲ್ಲ.

ಆ ತೀರ್ಪು ಕಾನೂನಿನ ಪುಸ್ತಕಗಳಲ್ಲಿ ದಾಖಲಾಗಿರುವುದು ಬಾಲಚಂದ್ರ ಎಲ್. ಜಾರಕಿಹೊಳಿ ವಿರುದ್ಧ ಬಿ.ಎಸ್. ಯಡಿಯೂರಪ್ಪ ಎಂಬ ಹೆಸರಿನಲ್ಲಿ. ಅರಭಾವಿಯನ್ನು ಭೂಪಟದಲ್ಲಿ ತೋರಿಸಲಾಗದ ದೇಶದ ಯಾವ ಮೂಲೆಯ ಕಾನೂನು ವಿದ್ಯಾರ್ಥಿಯಾದರೂ ಪಕ್ಷಾಂತರದ ಪಾಠಕ್ಕೆ ಬಂದಾಗ ಇಲ್ಲಿನ ಶಾಸಕರ ಹೆಸರು ಓದಲೇಬೇಕು. 2019ರಲ್ಲಿ ಸಮ್ಮಿಶ್ರ ಸರಕಾರ ಬಿದ್ದು 17 ಶಾಸಕರು ಅನರ್ಹರಾದಾಗ ಬಂದ ಇನ್ನೊಂದು ದೊಡ್ಡ ತೀರ್ಪಿಗೂ ಬೆಳಗಾವಿ ಜಿಲ್ಲೆಯವರದೇ ಹೆಸರು: ಕಾಗವಾಡದ ಶ್ರೀಮಂತ ಬಾಳಾಸಾಹೇಬ ಪಾಟೀಲ. ಆ ವರ್ಷದ ನವೆಂಬರ್ 13ರ ತೀರ್ಪು ಅನರ್ಹತೆಯನ್ನು ಎತ್ತಿಹಿಡಿದರೂ, ವಿಧಾನಸಭೆಯ ಅವಧಿ ಮುಗಿಯುವವರೆಗೆ ಸ್ಪರ್ಧಿಸಬಾರದೆಂಬ ನಿರ್ಬಂಧವನ್ನು ತೆಗೆದುಹಾಕಿತು. ಪಕ್ಷಾಂತರದ ಕಾನೂನಿಗೆ ಎರಡು ಪ್ರಮುಖ ಪ್ರಕರಣಗಳನ್ನು ಒದಗಿಸಿದ ಜಿಲ್ಲೆ ಬೇರೆ ಎಲ್ಲಿದ್ದೀತು?

2019ರ ಆ ಪ್ರಸಂಗದ ಮುಂದಾಳು ಗೋಕಾಕದ ರಮೇಶ ಜಾರಕಿಹೊಳಿ. ಕಾಂಗ್ರೆಸ್ ಬಿಟ್ಟು ಬಿಜೆಪಿಯಿಂದ ಡಿಸೆಂಬರಿನ ಉಪಚುನಾವಣೆಗೆ ನಿಂತಾಗ ಕಾಂಗ್ರೆಸ್ ಅವರ ಎದುರು ನಿಲ್ಲಿಸಿದ್ದು ತಮ್ಮ ಲಖನ್ ಜಾರಕಿಹೊಳಿಯನ್ನೇ. ಅಣ್ಣ ಗೆದ್ದರು. ಎರಡು ವರ್ಷ ಕಳೆದು ಲಖನ್ ಪಕ್ಷೇತರರಾಗಿ ವಿಧಾನ ಪರಿಷತ್ತಿಗೆ ಹೋದರು. ಇನ್ನೊಬ್ಬ ಸಹೋದರ ಸತೀಶ ಜಾರಕಿಹೊಳಿ 2008ರಿಂದ ಯಮಕನಮರಡಿಯ ಕಾಂಗ್ರೆಸ್ ಶಾಸಕರು. ಅವರು 2021ರ ಬೆಳಗಾವಿ ಲೋಕಸಭಾ ಉಪಚುನಾವಣೆಯಲ್ಲಿ ಬಿಜೆಪಿಯ ಮಂಗಲಾ ಅಂಗಡಿ ಎದುರು ಸೋತದ್ದು 5,240 ಮತಗಳಿಂದ. ಅಣ್ಣನಿಗೆ ಬೇಕಾದ ಆ ಕ್ಷೇತ್ರದಲ್ಲೇ ತಮ್ಮನ ಅರಭಾವಿಯೂ ಇತ್ತು, ತಮ್ಮ ಇದ್ದದ್ದು ಎದುರು ಪಾಳಯದಲ್ಲಿ. ಮನೆ ಒಂದೇ, ಪಕ್ಷ ಹಲವು. ಯಾವ ಸರಕಾರ ಬಂದರೂ ಗೋಕಾಕದ ಆ ಮನೆಗೆ ಒಂದು ಬಾಗಿಲು ತೆರೆದೇ ಇರುತ್ತದೆ ಎಂಬ ಮಾತು ಜಿಲ್ಲೆಯ ಚಹಾದಂಗಡಿಗಳಲ್ಲಿ ಹಳತಾಗಿದೆ.

ಅರಭಾವಿಯ ಅಂಕಿಗಳು ಅಲೆಗಳಿಗೆ ಜಗ್ಗುವುದಿಲ್ಲ. 2013ರಲ್ಲಿ ಬಿಜೆಪಿ ಒಡೆದು ರಾಜ್ಯದಲ್ಲಿ 40 ಸ್ಥಾನಕ್ಕೆ ಕುಸಿದಾಗ ಇಲ್ಲಿ ಅದು 75 ಸಾವಿರಕ್ಕೂ ಹೆಚ್ಚು ಅಂತರದಿಂದ ಗೆದ್ದಿತು. 2018ರಲ್ಲಿ ಬಾಲಚಂದ್ರ ಪಡೆದದ್ದು 96,144 ಮತ. ಎದುರಾಳಿ ಜೆಡಿಎಸ್‌ನ ಭೀಮಪ್ಪ ಗಡಾದ ಅವರಿಗೆ 48,816. 2023ರಲ್ಲಿ ಕಾಂಗ್ರೆಸ್ ರಾಜ್ಯದಲ್ಲಿ 135, ಜಿಲ್ಲೆಯ 18ರಲ್ಲಿ 11 ಸ್ಥಾನ ಬಾಚಿಕೊಂಡಾಗಲೂ ಇಲ್ಲಿ ಬಿಜೆಪಿಯ ಮತ 1,15,402ಕ್ಕೆ ಏರಿತು, ಅಂತರ 71,540. ಎರಡನೆಯ ಸ್ಥಾನ ಕಾಂಗ್ರೆಸ್ಸಿಗೂ ಸಿಗಲಿಲ್ಲ. ಅದು ಪಕ್ಷೇತರರಾಗಿ ನಿಂತ ಅದೇ ಗಡಾದ ಅವರ ಪಾಲಾಯಿತು. ಮೂಡಲಗಿಯ ಭೀಮಪ್ಪ ಗಡಾದ ಮಾಹಿತಿ ಹಕ್ಕಿನ ಅರ್ಜಿಗಳಿಂದ ರಾಜ್ಯಕ್ಕೆಲ್ಲ ಪರಿಚಿತರು. ಅಂದರೆ ಇಲ್ಲಿ ವಿರೋಧದ ಓಟೂ ಪಕ್ಷದ ಚಿಹ್ನೆಯನ್ನು ಹುಡುಕುವುದಿಲ್ಲ. ಅದಕ್ಕೂ ಒಂದು ಹೆಸರೇ ಬೇಕು.

ಯಾಕೆ ಹೀಗೆ? ಗದ್ದೆಯ ಬದುವಿನ ಮೇಲೆ ನಿಂತರೆ ಉತ್ತರದ ಒಂದು ತುದಿ ಸಿಗುತ್ತದೆ. 1897ರಲ್ಲಿ ಮುಗಿದ ಧೂಪದಾಳ ಅಣೆಕಟ್ಟೆಯಿಂದ ಹೊರಟ ಎಡದಂಡೆ ಕಾಲುವೆ, ಆಮೇಲೆ ಬಂದ ಹಿಡಕಲ್ ಜಲಾಶಯ ಈ ಭಾಗವನ್ನು ಕಬ್ಬಿನ ಸೀಮೆಯಾಗಿಸಿದವು. ಕಬ್ಬು ಜೋಳದಂತಲ್ಲ. ಜೋಳ ಬೆಳೆದವನು ಚೀಲ ಹೊಲಿದು ಮನೆಯಲ್ಲಿಟ್ಟು ದರ ಬಂದಾಗ ಮಾರಬಹುದು. ಕಬ್ಬು ಕಡಿದ ಮೇಲೆ ದಿನ ತಡವಾದಷ್ಟೂ ತೂಕ ಇಳಿಯುತ್ತದೆ. ಕಟಾವಿನ ಗ್ಯಾಂಗ್ ಯಾವಾಗ ಬರುತ್ತದೆ, ಟ್ರ್ಯಾಕ್ಟರ್ ಕಾರ್ಖಾನೆಯ ತೂಕದ ಕಾಟಾದ ಮುಂದೆ ಎಷ್ಟು ಹೊತ್ತು ನಿಲ್ಲುತ್ತದೆ, ಬಿಲ್ಲು ಎಂದು ಜಮಾ ಆಗುತ್ತದೆ ಎಂಬ ಮೂರು ಪ್ರಶ್ನೆಗಳ ಸುತ್ತ ರೈತನ ವರ್ಷ ತಿರುಗುತ್ತದೆ. ಬೀಜ, ಗೊಬ್ಬರದ ಸಾಲಕ್ಕೆ ಊರಿನ ಪಿಕೆಪಿಎಸ್ (ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ), ಅದರ ಮೇಲೆ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕ್. ಕೊಟ್ಟಿಗೆಯಲ್ಲಿ ಎಮ್ಮೆ ಇದ್ದರೆ ಹಾಲಿನ ಡೇರಿ. ಶಾಸಕರೆಂದರೆ ಇಲ್ಲಿ ಸದನದಲ್ಲಿ ಮಾತಾಡುವವರು ಮಾತ್ರವಲ್ಲ, ಈ ಸರಪಳಿಯ ಯಾವುದೋ ಕೊಂಡಿಯನ್ನು ಹಿಡಿದವರು. ಬಾಲಚಂದ್ರ 2019ರಲ್ಲಿ ಕೆಎಂಎಫ್ ಅಧ್ಯಕ್ಷರಾಗಿ 2023ರವರೆಗೆ ರಾಜ್ಯದ ಹಾಲು ಒಕ್ಕೂಟ ನಡೆಸಿದರು. ಜಾರಕಿಹೊಳಿ ಮನೆತನದ ಸತೀಶ ಶುಗರ್ಸ್ ಕಾರ್ಖಾನೆ ಇರುವುದು ಹುಣಶ್ಯಾಳ ಪಿ.ಜಿ.ಯಲ್ಲಿ.

ಹಾಗೆಂದು ಈ ಜನ ಬಾಯಿ ಮುಚ್ಚಿ ಕೂತವರೂ ಅಲ್ಲ. 2017ರಲ್ಲಿ ಹೊಸ ತಾಲ್ಲೂಕುಗಳ ಪಟ್ಟಿಯಿಂದ ಮೂಡಲಗಿಯ ಹೆಸರು ಬಿದ್ದುಹೋದಾಗ ಊರಿಗೆ ಊರೇ ಬೀದಿಗಿಳಿಯಿತು. ಅಂಗಡಿ ಮುಚ್ಚಿದವು, ಧರಣಿ ವಾರಗಟ್ಟಲೆ ನಡೆಯಿತು, ಪಕ್ಷಭೇದವಿಲ್ಲದೆ ಜನ ಕೂಡಿದರು. ಸರಕಾರ ಮಣಿದು ಮೂಡಲಗಿಯನ್ನು ತಾಲ್ಲೂಕು ಮಾಡಿತು. ಅಲ್ಲಿಯವರೆಗೆ ಉತಾರ ತರಲಿಕ್ಕೂ ಗೋಕಾಕದ ಬಸ್ ಹತ್ತುತ್ತಿದ್ದ ಹಳ್ಳಿಗಳಿಗೆ ಕಚೇರಿ ಹತ್ತಿರವಾಯಿತು.

2025ರ ಅಕ್ಟೋಬರ್ ಕೊನೆಗೆ ಅದೇ ಮೂಡಲಗಿಯ ಪಕ್ಕದ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ರಸ್ತೆಯಲ್ಲಿ ಕೂತರು. ಟನ್ನಿಗೆ 3,500 ರೂಪಾಯಿ ಕೊಡಿ ಎಂಬುದು ಬೇಡಿಕೆ. ಹೆಗಲ ಮೇಲೆ ಹಸಿರು ಟವೆಲ್, ರಸ್ತೆ ಬದಿಯಲ್ಲೇ ಅಡುಗೆ, ರಾತ್ರಿ ಅಲ್ಲೇ ನಿದ್ದೆ. ಹೋರಾಟ ಸುತ್ತಲಿನ ತಾಲ್ಲೂಕುಗಳಿಗೂ ಪಕ್ಕದ ಜಿಲ್ಲೆಗಳಿಗೂ ಹಬ್ಬಿತು. ಬಿಜೆಪಿಯ ರಾಜ್ಯಾಧ್ಯಕ್ಷ ಬಿ.ವೈ. ವಿಜಯೇಂದ್ರ ಬಂದು ರೈತರ ನಡುವೆ ಕೂತರು. ಬೆಂಗಳೂರಿನಲ್ಲಿ ಕಾರ್ಖಾನೆ ಮಾಲೀಕರ ಜೊತೆ, ರೈತ ಮುಖಂಡರ ಜೊತೆ ಸಭೆಗಳಾದವು. ನವೆಂಬರ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ 3,300 ರೂಪಾಯಿಯ ದರ ಪ್ರಕಟಿಸಿದರು. ಅರಭಾವಿಯ ನೆಲದಲ್ಲಿ ಬಹಳ ವರ್ಷಗಳ ಮೇಲೆ ಒಂದು ದೊಡ್ಡ ರಾಜಕೀಯ ಘಟನೆ ಯಾವ ಮನೆತನದ ಹೆಸರೂ ಇಲ್ಲದೆ ನಡೆದುಹೋಗಿತ್ತು. ಪೆಂಡಾಲು ಬಿಚ್ಚಿದ ಮೇಲೆ ಟ್ರ್ಯಾಕ್ಟರುಗಳು ಮತ್ತೆ ಕಾರ್ಖಾನೆಗಳ ದಾರಿ ಹಿಡಿದವು, ಕಾಟಾದ ಮುಂದೆ ಸಾಲು ಮತ್ತೆ ಉದ್ದವಾಯಿತು.